ಬಾಧ್ಯತೆ ಬೇರೆ, ದಾನ ಬೇರೆ

ತೆಲುಗಿನಲ್ಲಿ 'ಬಾಧ್ಯತ' ಅಂದರೆ ಹೊಣೆ. ಕನ್ನಡದಲ್ಲಿ ಇದೇ ಮಾತು ಹೊಲದ ಕ್ರಯಪತ್ರದಲ್ಲಿ 'ಹಕ್ಕು ಬಾಧ್ಯತೆ' ಅಂತ ಜೋಡಿಯಾಗಿ ಬರುತ್ತದೆ. ಹಕ್ಕು ತಗೊಂಡವನು ಅದರ ಬೆನ್ನಿಗಿರುವ ಭಾರವನ್ನೂ ಹೊರಬೇಕು ಅಂತ ಅದರ ಇಂಗಿತ. ಆಂಧ್ರದ ಕರಾವಳಿಯಲ್ಲಿ ಎಣ್ಣೆ, ಗ್ಯಾಸು ತೆಗೆಯುವ ಕಂಪನಿಗಳು ಊರಿಗೆ ಶಾಲೆಯ ಕೋಣೆಯನ್ನೋ ನೀರಿನ ಘಟಕವನ್ನೋ ಕೊಟ್ಟಾಗ ಅದನ್ನು 'ಸಾಮಾಜಿಕ ಬಾಧ್ಯತ' ಅನ್ನುತ್ತಾರೆ. ಕಚೇರಿಗಳ ಬಾಯಲ್ಲಿ ಇದು ಸಿ.ಎಸ್.ಆರ್. ಎರಡೂ ಭಾಷೆ ಬಲ್ಲ ನಮ್ಮಂಥವರಿಗೆ ಒಂದು ಅನುಮಾನ ಬರುತ್ತದೆ. ಇದು ಬಾಧ್ಯತೆಯೋ, ಇಲ್ಲ ಧರ್ಮಕ್ಕೆ ಕೊಟ್ಟ ಕಾಸೋ?

ಕಾನೂನು ಏನು ಹೇಳುತ್ತದೆ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಆದರೆ ಆ ಆದ್ಯತೆ ಕಡ್ಡಾಯವಲ್ಲ, ಬರೀ ಮಾರ್ಗದರ್ಶನ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಹೇಳಿಬಿಟ್ಟಿದೆ. ಹಣ ಎಲ್ಲಿಗೆ ಹೋಗಬೇಕು ಅನ್ನೋದನ್ನು ತೀರ್ಮಾನಿಸೋದು ಕಂಪನಿಯ ನಿರ್ದೇಶಕ ಮಂಡಳಿ. ಬಾವಿ ಕೊರೆಸಿಕೊಂಡ ಊರಿನ ಗ್ರಾಮಸಭೆಯನ್ನು ಕೇಳಬೇಕು ಅಂತ ಆ ಕಲಮಿನಲ್ಲಿ ಎಲ್ಲೂ ಇಲ್ಲ.

ಈ ಕಾನೂನು ಬಂದು ಮೂರು ತಿಂಗಳು ತುಂಬಿರಲಿಲ್ಲ. 2014ರ ಜೂನ್ 27ರ ಬೆಳಗಿನ ಜಾವ ಕೋನಸೀಮೆಯ ನಗರಂ ಎಂಬ ಊರಲ್ಲಿ ಗೇಲ್ ಕಂಪನಿಯ 18 ಇಂಚಿನ ಗ್ಯಾಸ್ ಪೈಪು ಒಡೆಯಿತು. ಸೋರಿದ ಗ್ಯಾಸು ಮಂಜಿನ ಹಾಗೆ ಊರ ತುಂಬ ಹರಡಿ, ಎಲ್ಲೋ ಒಂದು ಕಿಡಿ ತಾಗಿದ್ದೇ ತಡ, ಹೊತ್ತಿಕೊಂಡಿತು. 20ಕ್ಕೂ ಹೆಚ್ಚು ಜನ ಸತ್ತರು. ಮನೆ, ಅಂಗಡಿ, ದನಕರು, ತೆಂಗಿನ ಮರ ಎಲ್ಲ ಸುಟ್ಟವು. ತಾಟಿಪಾಕದಿಂದ ವಿಜಯವಾಡದ ಹತ್ತಿರದ ಕೊಂಡಪಲ್ಲಿಗೆ ವಿದ್ಯುತ್ ತಯಾರಿಸಲು ಹೋಗುತ್ತಿದ್ದ ಗ್ಯಾಸು ಅದು. ಪೆಟ್ರೋಲಿಯಂ ಸಚಿವಾಲಯದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇಷ್ಟು: ಒಣ ಗ್ಯಾಸಿಗೆಂದು ಹಾಕಿದ ಪೈಪಿನಲ್ಲಿ ನೀರಿನಂಶ ಇದ್ದ ಹಸಿ ಗ್ಯಾಸು ಹರಿಸಿದ್ದರು, ಒಳಗಿನಿಂದ ಪೈಪು ತುಕ್ಕು ತಿಂದಿತ್ತು, ನೀರು ಬೇರ್ಪಡಿಸುವ ಯಂತ್ರ ಕೂಡಿಸಿರಲಿಲ್ಲ.

ಬೋರಿನ ಪೈಪು ಇಳಿಸಿದ ಯಾವ ರೈತನಿಗಾದರೂ ತುಕ್ಕು ಅಂದರೇನು ಗೊತ್ತು. ಒಂದು ದಿನದಲ್ಲಿ ಬರೋದಲ್ಲ ಅದು. ವರ್ಷಗಟ್ಟಲೆ ತಿನ್ನುತ್ತದೆ, ನೋಡುವವರು ನೋಡಿದರೆ ಕಾಣುತ್ತದೆ.

ಇಲ್ಲೇ ನನ್ನ ತಕರಾರು. ಆ ಯಂತ್ರ ಕೂಡಿಸೋದು ಸಮಾಜಸೇವೆ ಅಲ್ಲ. ಪೈಪು ಬದಲಿಸೋದು, ವಾಸನೆ ಬಂತು ಅಂತ ಊರವರು ಹೇಳಿದಾಗ ಓಡಿ ಬಂದು ನೋಡೋದು ಸಮಾಜಸೇವೆ ಅಲ್ಲ. ಇದು ಕಂಪನಿಯ ದಿನನಿತ್ಯದ ವ್ಯವಹಾರ. ಕಾನೂನೂ ಹಾಗೇ ಹೇಳುತ್ತದೆ, ವ್ಯವಹಾರದ ಭಾಗವಾಗಿ ಮಾಡಿದ ಕೆಲಸವನ್ನು ಸಿ.ಎಸ್.ಆರ್. ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಆದರೆ ಜನರ ಮನಸ್ಸಿನಲ್ಲಿ ಈ ಎರಡು ಖಾತೆ ಕಲಸಿಹೋಗಿವೆ. ಶಾಲೆ ಕೋಣೆ ಕಟ್ಟಿಸಿಕೊಟ್ಟವರನ್ನು ಪೈಪಿನ ವಿಚಾರ ಹ್ಯಾಂಗ ಕೇಳೋದು ಅನ್ನುವ ಮುಲಾಜು ಹಳ್ಳಿಯ ಮುಖಂಡರಿಗೆ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ಸಾವಿರ ರೂಪಾಯಿ ಬಾಕಿ ಇಟ್ಟವನು ಶೆಟ್ಟರ ಮಗನ ಕೈಗೆ ಐದು ರೂಪಾಯಿಯ ಪೆಪ್ಪರಮೆಂಟು ಕೊಟ್ಟು ಹೋದ ಹಾಗೆ ಇದು. ಪೆಪ್ಪರಮೆಂಟು ಸಿಹಿಯೇ, ಇಲ್ಲ ಅನ್ನಲ್ಲ. ಖಾತೆ ಪುಸ್ತಕದಲ್ಲಿ ಬಾಕಿ ಹಾಗೇ ಇರುತ್ತದೆ.

ಕೋನಸೀಮೆಗೆ ಇದು ಮೊದಲ ಬೆಂಕಿಯೂ ಅಲ್ಲ. 1995ರ ಜನವರಿ 8ರಂದು ಅದೇ ಮಾಮಿಡಿಕುದುರು ಮಂಡಲದ ಪಾಸರ್ಲಪೂಡಿಯಲ್ಲಿ ಓ.ಎನ್.ಜಿ.ಸಿ.ಯ 19ನೇ ಬಾವಿ ಸಿಡಿದು 65 ದಿನ ಉರಿಯಿತು. ಆರಿಸಲಿಕ್ಕೆ ಹೊರದೇಶದ ಪರಿಣತರು ಬರಬೇಕಾಯಿತು. ಆಗ ನೂರಕ್ಕೆ ಎರಡರ ಕಾನೂನು ಇರಲಿಲ್ಲ ಅನ್ನಬಹುದು. 2014ರಲ್ಲಿ ಇತ್ತಲ್ಲ.

ಹಣ ಎಲ್ಲೆಲ್ಲಿ ಹೋಯಿತು ಅನ್ನೋದನ್ನೂ ಒಂದಿಷ್ಟು ನೋಡಿ. 2018ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಪ್ರಕಾರ, ಐದು ಸರ್ಕಾರಿ ಎಣ್ಣೆ ಕಂಪನಿಗಳು ಸೇರಿ ಗುಜರಾತಿನ ಸರ್ದಾರ್ ಪಟೇಲರ ಪ್ರತಿಮೆಗೆ 146.83 ಕೋಟಿ ರೂ. ಸಿ.ಎಸ್.ಆರ್. ಹಣ ಕೊಟ್ಟಿದ್ದವು. ಓ.ಎನ್.ಜಿ.ಸಿ. ಪಾಲು ಒಂದೇ 50 ಕೋಟಿ. ಪಾರಂಪರಿಕ ಸ್ಮಾರಕದ ರಕ್ಷಣೆ ಅಂತ ಇದನ್ನು ತೋರಿಸಿದ್ದು ಸರಿಯಲ್ಲ ಎಂದು ಲೇಖಪಾಲರು ಆಕ್ಷೇಪಿಸಿದರು. ಪಟೇಲರ ಮೇಲೆ ನಮಗೇನೂ ಸಿಟ್ಟಿಲ್ಲ, ದೊಡ್ಡ ಮನುಷ್ಯ. ಆದರೆ ಬಾವಿಯ ಪಕ್ಕದ ಊರಿನ ಹೆಸರು ಹೇಳಿ ಎತ್ತಿಟ್ಟ ದುಡ್ಡು ಪ್ರತಿಮೆಯ ಪಾದ ಸೇರುವುದಾದರೆ 'ಸುತ್ತಮುತ್ತಲಿಗೆ ಆದ್ಯತೆ' ಎಂಬ ಮಾತಿಗೆ ಬೆಲೆ ಏನು? ಎಲ್ಲವೂ ಹೀಗೇ ಅಂತ ಹೇಳಿದರೆ ಅನ್ಯಾಯವಾದೀತು. ಅಸ್ಸಾಮಿನ ಶಿವಸಾಗರದಲ್ಲಿ, ಎಣ್ಣೆ ತೆಗೆಯುವ ನಾಡಿನಲ್ಲೇ, ಓ.ಎನ್.ಜಿ.ಸಿ. ಈ ಹಣದಿಂದ ದೊಡ್ಡ ಆಸ್ಪತ್ರೆ ಕಟ್ಟಿಸಿದೆ. ಆ ಬಗೆಯದು ಬರಲಿ, ಬೇಡ ಅನ್ನುವವರು ಯಾರು?

ಇನ್ನು ನಮ್ಮ ರಾಯದುರ್ಗ-ಬಳ್ಳಾರಿ ಕಡೆಯ ಅನುಭವವನ್ನು ಇದಕ್ಕೆ ಹೋಲಿಸಬೇಕು. ಅದಿರಿನ ಲಾರಿ ಓಡಾಡಿದ ಕಾಲದಲ್ಲಿ ನಮ್ಮ ಕಡೆ ಕೆಂಪು ಧೂಳು ತಿಂದವರಿಗೆ ಲೆಕ್ಕವಿಲ್ಲ. ಆದರೂ 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದು ಬಂತು. ಹಳೆಯ ಗುತ್ತಿಗೆಯವರು ರಾಜಧನದ ನೂರಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದವರು ನೂರಕ್ಕೆ 10ರಷ್ಟು ಹಣವನ್ನು ಬೇರೆಯಾಗಿ ಆ ಜಿಲ್ಲೆಯ ನಿಧಿಗೇ ಕಟ್ಟಬೇಕು. ಅದನ್ನು ಚೆನ್ನಾಗಿ ಖರ್ಚು ಮಾಡುತ್ತಾರಾ ಅನ್ನೋದು ಇನ್ನೊಂದು ದಿನದ ಜಗಳ. ಆದರೆ ಅದು ಹಕ್ಕಿನ ಹಣ. ಲಾಭ ಬರಲಿ ಬಿಡಲಿ, ಅದಿರು ಎತ್ತಿದರೆ ಕಟ್ಟಬೇಕು. ಮಂಡಳಿಯ ಮರ್ಜಿ ಕಾಯಬೇಕಾಗಿಲ್ಲ.

ಎಣ್ಣೆ, ಗ್ಯಾಸಿನ ಊರುಗಳಿಗೆ ಇದು ಇಲ್ಲ! 1957ರ ಗಣಿ ಕಾಯ್ದೆ 'ಖನಿಜ' ಎಂಬ ಮಾತಿನಿಂದ ಖನಿಜ ತೈಲವನ್ನು ಹೊರಗಿಟ್ಟಿದೆ. ಹಾಗಾಗಿ ಜಿಲ್ಲಾ ನಿಧಿ ಅವರಿಗೆ ಅನ್ವಯಿಸುವುದಿಲ್ಲ. ಭೂಮಿಯ ಮೇಲಿನ ಬಾವಿಯ ರಾಜಧನ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ, ಊರಿಗೆ ಉಳಿಯುವುದು ಸಿ.ಎಸ್.ಆರ್. ಎಂಬ ಪೆಪ್ಪರಮೆಂಟೇ. ಅದಿರು ಅಗೆದ ಬಳ್ಳಾರಿಗೆ ಇರುವ ಹಕ್ಕು ಗ್ಯಾಸು ಕೊಡುವ ಕೋನಸೀಮೆಗೆ ಯಾಕಿರಬಾರದು? ಆಫ್ರಿಕಾದ ನೈಜೀರಿಯಾ ಎಣ್ಣೆಯಿಂದ ಹಾಳಾದ ದೇಶ ಅಂತ ಹೆಸರುವಾಸಿ. ಅಲ್ಲಿನ ಒಗೋನಿ ಜನರ ಪರ ನಿಂತ ಲೇಖಕ ಕೆನ್ ಸಾರೋ-ವಿವಾ ಅವರನ್ನು 1995ರ ನವೆಂಬರಿನಲ್ಲಿ ಗಲ್ಲಿಗೇರಿಸಿದ್ದರು. ಅಂಥ ದೇಶವೇ 2021ರಲ್ಲಿ ಕಾಯ್ದೆ ತಂದು, ಎಣ್ಣೆ ಕಂಪನಿಗಳು ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ನೂರಕ್ಕೆ 3ರಷ್ಟನ್ನು ಆಯಾ ಪ್ರದೇಶದ ಜನರ ಟ್ರಸ್ಟಿಗೆ ಕಟ್ಟಬೇಕು ಅಂತ ಮಾಡಿದೆ. ಪೈಪು ಒಡೆದು ಹಾನಿ ಮಾಡಿದರೆ ಆ ಹಣದಲ್ಲೇ ಮುರಿದುಕೊಳ್ಳುತ್ತಾರೆ ಎಂಬ ಷರತ್ತೂ ಇದೆ. ಅದು ನನಗೆ ಹಿಡಿಸಲಿಲ್ಲ, ಯಾರೋ ಕದ್ದರೆ ಊರೆಲ್ಲ ದಂಡ ಕಟ್ಟೋದು ಎಲ್ಲಿಯ ನ್ಯಾಯ.

ಇದು ದೂರದ ಮಾತು, ನಮಗೇನು ಅನ್ನಬೇಡಿ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದು ಕಾಸರಗೋಡಿನ ಹೊಲ ತೋಟ ದಾಟಿಯೇ ಬರುತ್ತದೆ. ಬೆಂಗಳೂರಿನ ಕಡೆ ಬರಬೇಕಾದ ಇನ್ನೊಂದು ಕವಲಿಗೆ ಹೊಸೂರು ಇರುವ ಕೃಷ್ಣಗಿರಿ ಸೇರಿ ತಮಿಳುನಾಡಿನ ಏಳು ಜಿಲ್ಲೆಗಳಲ್ಲಿ ದಾರಿ ಗುರುತಿಸಿದ್ದರು. ಹೊಲದ ನಡುವೆ ಬೇಡ, ಹೆದ್ದಾರಿ ಪಕ್ಕ ಹಾಕಿ ಅಂತ 2013ರಲ್ಲಿ ಜಯಲಲಿತಾ ಸರ್ಕಾರವೇ ರೈತರ ಜೊತೆ ನಿಂತಿತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು.

ಈ ಪೈಪುಗಳಿಗೆ 1962ರ ಕಾಯ್ದೆಯೊಂದಿದೆ. ಹೊಲ ರೈತನ ಹೆಸರಲ್ಲೇ ಇರುತ್ತದೆ, ಕಂಪನಿ ತಗೊಳ್ಳೋದು ಬಳಕೆಯ ಹಕ್ಕು ಮಾತ್ರ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಪರಿಹಾರ ಮಾರುಕಟ್ಟೆ ಬೆಲೆಯ ನೂರಕ್ಕೆ 10. ಎಕರೆಗೆ 10 ಲಕ್ಷ ಬೆಲೆ ಇದ್ದು, ಪೈಪಿನ ಪಟ್ಟಿ ಅರ್ಧ ಎಕರೆ ಹಿಡಿದರೆ 50 ಸಾವಿರ. ಕೆಲಸದ ಹೊತ್ತಿಗೆ ಹಾಳಾದ ಬೆಳೆಗೆ ಬೇರೆ ಕೊಡುತ್ತಾರೆ. ತೆಂಗು, ಅಡಿಕೆ ಇಟ್ಟವನಿಗೆ ಆ ಪಟ್ಟಿ ಮುಂದಿನ ತಲೆಮಾರಿಗೂ ಬರಡು. ಬೆಲೆಯಲ್ಲಿ ಹತ್ತನೇ ಒಂದು ಪಾಲು ಕೊಟ್ಟು ಬಳಕೆಯಲ್ಲಿ ಬಹುಪಾಲು ಕಿತ್ತುಕೊಂಡ ಹಾಗಾಯಿತು. 2017ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಮುಕ್ಕಂ ಕಡೆ ಜನ ಬೀದಿಗೆ ಇಳಿದ ಮೇಲೆ ಕೇರಳ ಸರ್ಕಾರ ಪರಿಹಾರ ಹೆಚ್ಚಿಸಿತು. ಹೆಚ್ಚಿಸಲಿಕ್ಕೆ ಸಾಧ್ಯ ಇತ್ತು ಅಂತ ಇದರಿಂದಲೇ ಗೊತ್ತಾಗುತ್ತದಲ್ಲ.

ಗ್ಯಾಸು ಬೇಡ ಅನ್ನುವ ಜನ ನಾವಲ್ಲ. ನಮ್ಮ ಹೆಣ್ಣುಮಕ್ಕಳು ಸೌದೆ ಹೊಗೆಯಿಂದ ಬಿಡುಗಡೆ ಆದದ್ದು ಇದರಿಂದಲೇ. ಕಂಪನಿಯ ಪ್ರತಿನಿಧಿ ಊರಿಗೆ ಬಂದಾಗ ಮಾತು ಸಮುದಾಯ ಭವನದಿಂದ ಶುರುವಾಗಬಾರದು, ಅಷ್ಟೇ. ಮೊದಲು ಪೈಪು ಯಾವ ವರ್ಷದ್ದು, ಒಳಗಿನಿಂದ ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದಿರಿ, ಸೋರಿದರೆ ರಾತ್ರಿ ಹನ್ನೆರಡಕ್ಕೆ ಫೋನು ಎತ್ತುವವರು ಯಾರು, ಅವರಿಗೆ ನಮ್ಮ ಭಾಷೆ ಬರುತ್ತದಾ ಅಂತ ಕೇಳಬೇಕು. ಭವನದ ಮಾತು ಆಮೇಲೆ.

ಕೇಳಲಿಕ್ಕೆ ದಾರಿಯೂ ಇದೆ. ಗೇಲ್, ಓ.ಎನ್.ಜಿ.ಸಿ. ಎರಡೂ ಸರ್ಕಾರಿ ಕಂಪನಿಗಳಾದ್ದರಿಂದ 2005ರ ಮಾಹಿತಿ ಹಕ್ಕಿನ ಕಾಯ್ದೆ ಅವಕ್ಕೆ ಅನ್ವಯಿಸುತ್ತದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಹೊಸೂರಿನವರು ತಮಿಳಿನಲ್ಲಿ, ನಾವು ತೆಲುಗಿನಲ್ಲಿ, ಮಂಗಳೂರಿನವರು ಕನ್ನಡದಲ್ಲಿ ಹಾಕಲಿ. ಮೂರಕ್ಕೂ ಬರುವ ಉತ್ತರವನ್ನು ಒಂದು ಕಡೆ ಇಟ್ಟು ಓದಲಿಕ್ಕೆ ಗಡಿನಾಡಿನವರಿಗಿಂತ ತಕ್ಕವರು ಇನ್ನಾರು ಸಿಕ್ಕಾರು?