‘ಗುಪ್ತರೋಗ’ ಎಂಬ ಪದವನ್ನು ನಾವಾದರೂ ಬಿಡೋಣ

ಯಾವುದೇ ತಾಲ್ಲೂಕು ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ. ‘ಗುಪ್ತರೋಗಗಳಿಗೆ ಖಚಿತ ಪರಿಹಾರ’ ಎಂಬ ಚೀಟಿ, ಕೆಳಗೊಂದು ಮೊಬೈಲ್ ನಂಬರ್. ಲೈಂಗಿಕ ರೋಗ ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರಲ್ಲೇ ಕಾಯ್ದೆ ಮಾಡಿ ನಿಷೇಧಿಸಲಾಗಿದೆ. ಆದರೂ ಈ ದಂಧೆ ನಡೆಯುತ್ತಿರುವುದು ನಮ್ಮ ನಾಚಿಕೆಯ ಬಲದಿಂದ.

ಜನನಾಂಗದ ನರುಲಿಯನ್ನೇ ತೆಗೆದುಕೊಳ್ಳಿ. ಎಚ್‌ಪಿವಿ ಎಂಬ ವೈರಸ್‌ನಿಂದ ಏಳುವ ಸಣ್ಣ ಗಂಟುಗಳಿವು. ಕೆಲವರಿಗೆ ಒಂದೆರಡು, ಕೆಲವರಿಗೆ ಹೂಕೋಸಿನಂತೆ ಗುಂಪಾಗಿ ಬರುತ್ತವೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳಿಗೆ ಈ ವೈರಸ್ಸಿನ 6 ಮತ್ತು 11ನೇ ಮಾದರಿ ಕಾರಣ. ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚಾಗಿ ಕಾರಣವಾಗುವುದು ಬೇರೆಯವು, 16 ಮತ್ತು 18. ಹಾಗಾಗಿ ನರುಲಿ ಎಂದರೆ ಕ್ಯಾನ್ಸರ್ ಅಲ್ಲ.

ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಇದು ಹರಡುತ್ತದೆ. ಸೋಂಕು ತಗುಲಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಗಂಟು ಕಾಣಿಸಬಹುದು. ‘ಯಾರಿಂದ ಬಂತು’ ಎಂದು ಮನೆಯಲ್ಲಿ ಪಂಚಾಯ್ತಿ ಮಾಡಿದರೆ ಉತ್ತರ ಸಿಗುವುದಿಲ್ಲ. ಆದರೆ ತಪ್ಪು ಮಾತ್ರ ಹೆಂಡತಿಯ ತಲೆಗೇ ಬರುತ್ತದೆ. ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗುವುದೇ ಸರಿ.

ಕೈಮೇಲಿನ ನರುಲಿಗೆ ಹಚ್ಚುವ ಸುಣ್ಣ–ಸೋಡಾ ಅಲ್ಲಿಗೆ ಹಚ್ಚಿದರೆ ಸುಟ್ಟ ಗಾಯವಾಗುತ್ತದೆ. ವೈದ್ಯರು ಔಷಧಿ ಹಚ್ಚಿ, ಅತಿ ಶೀತದಿಂದ ಹೆಪ್ಪುಗಟ್ಟಿಸಿ ಅಥವಾ ವಿದ್ಯುತ್ ಉಪಕರಣದಿಂದ ಸುಟ್ಟು ತೆಗೆಯುತ್ತಾರೆ. ಕೆಲವು ಔಷಧಿ ಗರ್ಭಿಣಿಯರಿಗೆ ಆಗದು, ಬಸುರಿಯಾಗಿದ್ದರೆ ಮೊದಲೇ ಹೇಳಬೇಕು. ತೆಗೆದ ಮೇಲೂ ವೈರಸ್ ಸ್ವಲ್ಪ ಕಾಲ ದೇಹದಲ್ಲಿರಬಹುದು, ನರುಲಿ ಮರುಕಳಿಸಬಹುದು. ಆದ್ದರಿಂದ ‘ಒಂದೇ ಡೋಸ್‌ಗೆ ಶಾಶ್ವತ ಪರಿಹಾರ’ ಎನ್ನುವವರನ್ನು ನಂಬಬೇಡಿ.

ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಮುಚ್ಚದ ಚರ್ಮವನ್ನು ಕಾಯುವುದಿಲ್ಲ. ಲಸಿಕೆ ಇನ್ನೂ ಗಟ್ಟಿ ರಕ್ಷಣೆ. 2023ರಲ್ಲಿ ಬಿಡುಗಡೆಯಾದ ನಮ್ಮ ದೇಶದ್ದೇ ಸರ್ವವ್ಯಾಕ್ ಲಸಿಕೆ 6, 11, 16, 18 ಈ ನಾಲ್ಕೂ ಮಾದರಿಗಳ ವಿರುದ್ಧ ಕೆಲಸ ಮಾಡುತ್ತದೆ. ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಕೊಡಬಹುದು. ಆದರೆ ಆಗಲೇ ಎದ್ದಿರುವ ನರುಲಿಯನ್ನು ಲಸಿಕೆ ವಾಸಿ ಮಾಡುವುದಿಲ್ಲ.

ಇಂಥ ಕಾಯಿಲೆಗೆಂದೇ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಇದೆ. ತಪಾಸಣೆ, ಆಪ್ತಸಮಾಲೋಚನೆ ಉಚಿತ. ಇದು ಎಷ್ಟು ಓದುಗರಿಗೆ ಗೊತ್ತು? ಆಸ್ಪತ್ರೆಯ ಹಾಸಿಗೆ ಕೊರತೆ, ಲಿಫ್ಟ್ ಕೆಟ್ಟಿದ್ದು ಎಲ್ಲ ಬರೆಯುವ ನಾವು ಈ ಕೊಠಡಿಯ ಬಗ್ಗೆ ಬರೆಯುವುದೇ ಅಪರೂಪ. ಬೋರ್ಡ್ ಕಾಣುವಂತಿದೆಯೇ, ಮಾತಾಡಲು ಮರೆ ಇದೆಯೇ, ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರು ಸಿಗುತ್ತಾರೆಯೇ ಎಂದು ಕೇಳಿ ಎರಡು ಕಾಲಂ ಬರೆಯೋಣ. ಬರೆಯುವಾಗ ‘ಗುಪ್ತರೋಗ’ ಎನ್ನದೆ ಕಾಯಿಲೆಯ ಹೆಸರನ್ನೇ ಹಾಕೋಣ. ನೆಗಡಿ, ಮಲೇರಿಯಾಕ್ಕೆ ಹೆಸರಿರುವಂತೆ ಇದಕ್ಕೂ ಒಂದು ಹೆಸರಿದೆ.