ಜೂರಾಲಾ ಹಿನ್ನೀರಿಗೆ ಮೋಟಾರ್ ದೋಣಿ: ಹರಿಗೋಲು ಬಿಟ್ಟು ಹತ್ತುವ ಮುನ್ನ

ಮಕ್ತಲ್: ಇಲ್ಲಿನ ಶಾಸಕ ವಾಕಿಟಿ ಶ್ರೀಹರಿ ಅವರು 2025ರ ಜೂನ್‌ನಲ್ಲಿ ತೆಲಂಗಾಣದ ಮೀನುಗಾರಿಕೆ ಸಚಿವರಾದ ಮೇಲೆ ಕೃಷ್ಣಾ ತೀರದ ಬೆಸ್ತರು, ಮುದಿರಾಜರು, ಅಂಬಿಗರಲ್ಲಿ ನಿರೀಕ್ಷೆ ಹೆಚ್ಚಿರುವುದು ಸಹಜವೇ. ಬಲೆ ಬೇಕು, ಮೀನುಮರಿ ಬೇಕು, ಐಸ್ ಪೆಟ್ಟಿಗೆ ಬೇಕು ಎಂಬ ಹಳೆಯ ಪಟ್ಟಿಗೆ ಈಗ ಯುವಕರು ಇನ್ನೊಂದನ್ನು ಸೇರಿಸುತ್ತಿದ್ದಾರೆ. ಅದು ಮೋಟಾರ್ ದೋಣಿ. ಫೈಬರ್ ಮೈ, ಹಿಂದೆ ಒಂದು ಸಣ್ಣ ಎಂಜಿನ್. ಮೊಬೈಲ್‌ನಲ್ಲಿ ವಿಡಿಯೋ ನೋಡಿದವರಿಗೆ ಅದು ನೀರಿನ ಮೇಲಿನ ಬೈಕಿನಂತೆ ಕಾಣುತ್ತದೆ. ಇಂಥ ಆರಂಭಿಕ ದರ್ಜೆಯ ದೋಣಿ ಹೊಟ್ಟೆಪಾಡಿನ ಮೀನುಗಾರಿಕೆಗೆ ಆದೀತೇ? ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ನಮ್ಮ ನೀರನ್ನೇ ನೋಡೋಣ. ಮೇಲೆ ನಾರಾಯಣಪುರದ ಬಸವಸಾಗರ, ಕೆಳಗೆ ಪ್ರಿಯದರ್ಶಿನಿ ಜೂರಾಲಾ. ನಡುವೆ ತಂಗಡಿಗಿ ಹತ್ತಿರ ಭೀಮಾ ಬಂದು ಕೃಷ್ಣೆಗೆ ಸೇರುತ್ತದೆ. ಮಳೆಗಾಲದಲ್ಲಿ ಹಿನ್ನೀರು ಸಮುದ್ರದಂತೆ ಹರಡಿಕೊಂಡರೂ ಅದರ ಆಳ ಎಲ್ಲೆಡೆ ಒಂದೇ ಅಲ್ಲ. ಕೃಷ್ಣೆಯ ತಳ ಕಲ್ಲು ಬಂಡೆಗಳದ್ದು. ಬೇಸಿಗೆಯಲ್ಲಿ ನೀರು ಇಳಿದರೆ ನಿನ್ನೆ ದೋಣಿ ಓಡಿದ ಕಡೆ ಇಂದು ಬಂಡೆ ತಲೆ ಎತ್ತಿರುತ್ತದೆ. ಗೇಣುದ್ದದ ನೀರಿದ್ದರೆ ಸಾಕು, ಹರಿಗೋಲು ತೇಲುತ್ತದೆ. ಗದ್ವಾಲ ಕಡೆಯವರು ಪುಟ್ಟಿ ಎನ್ನುವುದೂ ಇದನ್ನೇ. ಬಂಡೆಗೆ ತಾಗಿದರೆ ಸುತ್ತಿಕೊಂಡು ಪಕ್ಕಕ್ಕೆ ಸರಿಯುತ್ತದೆ, ದಡ ಸೇರಿದರೆ ಒಬ್ಬನೇ ಬೆನ್ನ ಮೇಲೆ ಹೊತ್ತು ಮನೆಗೆ ಒಯ್ಯುತ್ತಾನೆ. ಎಂಜಿನ್ ದೋಣಿಯ ಪಂಖ ಮಾತ್ರ ನೀರಿನೊಳಗೆ ಒಂದೂವರೆ ಎರಡು ಅಡಿ ಇಳಿದಿರಬೇಕು. ಕಾಣದ ಬಂಡೆಗೆ ಅದು ಬಡಿದರೆ ಸಣ್ಣ ಎಂಜಿನ್‌ನಲ್ಲಿ ಮೊದಲು ಮುರಿಯುವುದು ಪಂಖದ ಪಿನ್ನು. ಪಿನ್ನು ಅಗ್ಗ, ಆದರೆ ಅದು ಮುರಿದಾಗ ನೀವು ಎಲ್ಲಿದ್ದೀರಿ ಎಂಬುದೇ ಮುಖ್ಯ.

ಇನ್ನು ಬಲೆ. ನಮ್ಮವರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಕತ್ತಲಲ್ಲಿ ಬೇರೆಯವರ ಬಲೆ ಎಲ್ಲಿದೆ ಎಂದು ಹುಟ್ಟು ಹಾಕುವವನ ಕೈಗೆ ತಿಳಿಯುತ್ತದೆ, ಪಂಖಕ್ಕೆ ತಿಳಿಯದು. ಹತ್ತು ದೋಣಿ ಓಡಾಡಿದರೆ ನೈಲಾನ್ ಬಲೆ ಹರಿದ ಜಗಳ ಪೊಲೀಸ್ ಠಾಣೆಗೆ ಹೋಗುವುದು ಖಚಿತ.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿ. 10 ಎಚ್.ಪಿ. ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಮೂರೂವರೆಯಿಂದ ನಾಲ್ಕು ಲೀಟರ್ ಕುಡಿಯುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸಿದರೆ, ಲೀಟರ್‌ಗೆ ನೂರು ದಾಟಿದ ಪೆಟ್ರೋಲ್ ಬೆಲೆಯಲ್ಲಿ, 700ರಿಂದ 800 ರೂಪಾಯಿ. ದಡದಲ್ಲೇ ಮೀನು ಕೊಳ್ಳುವ ವ್ಯಾಪಾರಿ ಕಟ್ಲಾ, ರೋಹುಗೆ ಕೆ.ಜಿ.ಗೆ ನೂರರ ಆಸುಪಾಸು ಕೊಟ್ಟರೂ ಮೊದಲ ಏಳೆಂಟು ಕೆ.ಜಿ. ಎಣ್ಣೆಗೇ ಹೋಯಿತು. ಕಂತು, ರಿಪೇರಿ ಆಮೇಲೆ. 2020ರಲ್ಲಿ ಆರಂಭವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯರಿಗೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನ ನಿಗದಿಯಾಗಿತ್ತು. ಆದರೆ ಸಹಾಯಧನ ಎಂಬುದು ದೋಣಿ ಕೊಳ್ಳುವ ದಿನದ ಮಾತು, ಎಣ್ಣೆ ಪ್ರತಿದಿನದ ಮಾತು. ಕೆಲವು ವರ್ಷಗಳ ಹಿಂದೆ ತೆಲಂಗಾಣ ಸರ್ಕಾರ ಮೀನು ಮಾರಲು ಸಬ್ಸಿಡಿ ಮೇಲೆ ಮೊಪೆಡ್ ಕೊಟ್ಟಿತು. ಅದು ಉಪಯೋಗಕ್ಕೆ ಬಂತು, ಯಾಕೆಂದರೆ ಮೊಪೆಡ್ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇದ್ದಾನೆ. ದೋಣಿ ಎಂಜಿನ್ ಕೆಟ್ಟರೆ ನಾರಾಯಣಪೇಟೆಯ ಯಾವ ಅಂಗಡಿಗೆ ಒಯ್ಯುತ್ತೀರಿ?

ಇದೇ ದೋಣಿಯಲ್ಲಿ ಸಮುದ್ರಕ್ಕೂ ಹೋಗಬಹುದು ಎಂದು ಮಾರುವವರು ಹೇಳಿದರೆ ನಂಬಬೇಡಿ. ಹದಿನಾಲ್ಕು ಹದಿನಾರು ಅಡಿಯ, ಒಂದೇ ಎಂಜಿನ್‌ನ ದೋಣಿ ಶಾಂತ ದಿನ ದಡದ ಬಳಿ ಗಾಳ ಹಾಕಲು ಸರಿ. ದಡ ಕಾಣದಷ್ಟು ದೂರ ಹೋಗಲು ಎತ್ತರದ ಅಂಚು ಬೇಕು, ಒಳಗೆ ನುಗ್ಗಿದ ನೀರು ತಾನಾಗಿ ಹೊರಹೋಗುವ ವ್ಯವಸ್ಥೆ ಬೇಕು, ವೈರ್‌ಲೆಸ್ ಬೇಕು, ಇನ್ನೊಂದು ಎಂಜಿನ್ ಬೇಕು. ಎಣ್ಣೆಯಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ ಎಂಬುದು ಕಡಲಿನವರ ಲೆಕ್ಕ. ಕೇಂದ್ರದ ಅದೇ ಯೋಜನೆಯಲ್ಲಿ ಆಳಸಮುದ್ರದ ಒಂದು ದೋಣಿಗೆ ಹಿಡಿದ ವೆಚ್ಚ 1.20 ಕೋಟಿ ರೂಪಾಯಿ ಎಂದರೆ ಅಂತರ ಎಷ್ಟೆಂದು ತಿಳಿದೀತು. ಅಂಥ ದೊಡ್ಡ ದೋಣಿಗೂ ಅಪಾಯ ತಪ್ಪಿದ್ದಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ಸುವರ್ಣ ತ್ರಿಭುಜ ಎರಡೇ ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ.

ಹಾಗೆಂದು ಹರಿಗೋಲೇ ಕ್ಷೇಮ ಎಂದು ಹೇಳುವ ಧೈರ್ಯ ಈ ಭಾಗದಲ್ಲಿ ಯಾರಿಗೂ ಬರಲಾರದು. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದಿಂದ ಸಂತೆ ಸಾಮಾನು ತೆಗೆದುಕೊಂಡು ರಾಯಚೂರು ತಾಲ್ಲೂಕಿನ ನಡುಗಡ್ಡೆ ಕುರ್ವಕಲಾಕ್ಕೆ ಮರಳುತ್ತಿದ್ದ 13 ಜನರ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದರು. ಅದು ಮೀನುಗಾರಿಕೆಯ ಅವಘಡವಲ್ಲ, ದಾಟುವ ಅನಿವಾರ್ಯದ ಅವಘಡ. ಇಲ್ಲಿಯೇ ನನ್ನ ದೊಡ್ಡ ಆತಂಕ ಇರುವುದು. ಮೀನಿಗೆಂದು ತಂದ ಮೋಟಾರ್ ದೋಣಿ ಮೀನಿಗಷ್ಟೇ ಉಳಿಯುವುದಿಲ್ಲ. ಗುರುವಾರ ಕುರುವಪುರದ ದತ್ತ ಕ್ಷೇತ್ರಕ್ಕೆ ಭಕ್ತರು ಬಂದರೆ ತಲೆಗೆ ಇಷ್ಟು ಎಂದು ಹತ್ತಿಸಿಕೊಳ್ಳುವ ಆಸೆ ಯಾರನ್ನು ಬಿಟ್ಟೀತು? ನಾಲ್ವರ ದೋಣಿಯಲ್ಲಿ ಹತ್ತು ಜನ ಕೂತರೆ ಅಂಚು ನೀರಿಗೆ ನಾಲ್ಕು ಬೆರಳು. ಎಂಜಿನ್ ಭಾರ ಹಿಂದೆ, ಜನ ಒಂದೇ ಬದಿಗೆ ವಾಲಿ ಫೋಟೋ ತೆಗೆದರೆ ಆಯಿತು.

ಮೋಟಾರೇ ಬೇಡವೇ? ಬೇಕು, ಆದರೆ ಮನೆಗೊಂದು ಅಲ್ಲ. ಬಲೆ ಬಿಡುವುದು, ಎತ್ತುವುದು ಹರಿಗೋಲಿನಲ್ಲೇ ನಡೆಯಲಿ. ಸಹಕಾರ ಸಂಘಕ್ಕೆ ಒಂದು, ಹದಿನೆಂಟು ಇಪ್ಪತ್ತು ಅಡಿಯ, ಚಪ್ಪಟೆ ತಳದ, ಮಗುಚಿದರೂ ಮುಳುಗದಂತೆ ಒಳಗೆ ಫೋಮ್ ತುಂಬಿದ ದೋಣಿ ಇರಲಿ. ಬೆಳಿಗ್ಗೆ ಅದು ಹರಿಗೋಲುಗಳ ಬಳಿ ಹೋಗಿ ಮೀನು ಸಂಗ್ರಹಿಸಿ ಐಸ್‌ಗೆ ಹಾಕಿ ದಡಕ್ಕೆ ತಂದರೆ ಎಣ್ಣೆ ಖರ್ಚು ಹಂಚಿಹೋಗುತ್ತದೆ, ಮೀನೂ ಕೆಡುವುದಿಲ್ಲ. ಆಪತ್ತಿನಲ್ಲಿ ರಕ್ಷಣೆಗೂ ಅದೇ ಓಡುತ್ತದೆ. ಕಲಿತ ಇಬ್ಬರು ಯುವಕರಿಗೆ ಎಂಜಿನ್ ರಿಪೇರಿ ತರಬೇತಿ ಕೊಡಿಸಿದರೆ ಗದ್ವಾಲ, ಮಕ್ತಲ್ ಎರಡಕ್ಕೂ ಸಾಕು. ಗಡಿಯ ವಿಷಯವನ್ನೂ ಮರೆಯುವಂತಿಲ್ಲ. ನೀರಿನ ಮೇಲೆ ಗೆರೆ ಇಲ್ಲ, ಲೈಸೆನ್ಸ್ ಮೇಲೆ ಇದೆ. ಹರಿಗೋಲಿನವ ಆಚೆ ದಡಕ್ಕೆ ಹೋಗಲು ಅರ್ಧ ದಿನ ಯೋಚಿಸುತ್ತಾನೆ, ಮೋಟಾರಿನವ ಹತ್ತು ನಿಮಿಷದಲ್ಲಿ ಕರ್ನಾಟಕದ ಮೀನುಗಾರರ ಬಲೆಯ ಪಕ್ಕದಲ್ಲಿರುತ್ತಾನೆ. ಎರಡೂ ಕಡೆಯ ಸಂಘಗಳು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಸಚಿವರ ಬಳಿ ಮನವಿ ಒಯ್ಯುವವರು ದೋಣಿಗಿಂತ ಮೇಲೆ ಎರಡು ಸಾಲು ಬರೆಯಲಿ. ಒಂದು, ನೀರಿಗಿಳಿಯುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ಎರಡು, ನಾರಾಯಣಪುರದಲ್ಲಿ ಗೇಟ್ ತೆರೆದ ಸುದ್ದಿ ಆ ಕೂಡಲೇ ಕನ್ನಡ, ತೆಲುಗು ಎರಡರಲ್ಲೂ ಮೀನುಗಾರರ ಮೊಬೈಲ್‌ಗೆ ಬರುವ ಏರ್ಪಾಡು.