ಎರಡನೇ ಭೇಟಿಗೆ ಕರೆಯುವವರು ಬೇಕು

ತೊಕ್ಕೊಟ್ಟಿನಲ್ಲಿ ಮನೋವೈದ್ಯರು ಸಿಗುವುದಿಲ್ಲ ಎಂದು ಯಾರೂ ದೂರುವಂತಿಲ್ಲ. ಜಂಕ್ಷನ್ನಿನಿಂದ ಕೊಣಾಜೆ ಕಡೆಯ ಬಸ್ಸು ಹತ್ತಿದರೆ ಕೆ.ಎಸ್. ಹೆಗ್ಡೆ, ಯೇನೆಪೋಯ, ಕಣಚೂರು ಎಂದು ಮೂರು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಹತ್ತಿರ ಹತ್ತಿರವೇ ಇವೆ. ಮೂರರಲ್ಲೂ ಮನೋವೈದ್ಯ ವಿಭಾಗವಿದೆ. ನೇತ್ರಾವತಿ ದಾಟಿದರೆ ವೆನ್ಲಾಕ್, ಫಾದರ್ ಮುಲ್ಲರ್. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಚಿಕಿತ್ಸೆ ಬೇಕಾದವರ ಪೈಕಿ ಅದು ಸಿಗದವರ ಪ್ರಮಾಣ ಕಾಯಿಲೆಯನ್ನು ಅವಲಂಬಿಸಿ ಶೇ 70ರಿಂದ 92. ಹಲವು ತಾಲ್ಲೂಕುಗಳು ಅದಕ್ಕೆ ದೂರವನ್ನು ಕಾರಣವಾಗಿ ಕೊಡಬಹುದು. ತೊಕ್ಕೊಟ್ಟು ಸೇರಿರುವ ಉಳ್ಳಾಲ ತಾಲ್ಲೂಕು ಕೊಡುವಂತಿಲ್ಲ.

ಇಲ್ಲಿ ಚಿಕಿತ್ಸೆ ಕಡಿದುಹೋಗುವುದು ಬೇರೆ ಜಾಗದಲ್ಲಿ, ಮೊದಲ ಭೇಟಿಗೂ ಎರಡನೇ ಭೇಟಿಗೂ ನಡುವೆ. ಖಿನ್ನತೆಗೆ ಕೊಡುವ ಮಾತ್ರೆಯ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಾಕರಿಕೆ, ತಲೆಸುತ್ತು, ನಿದ್ದೆಯ ಏರುಪೇರು ಮಾತ್ರ ಮೊದಲ ವಾರವೇ ಶುರುವಾಗುತ್ತವೆ. ‘ಈ ಮದ್ದು ನನಗೆ ಆಗುವುದಿಲ್ಲ’ ಎಂದು ಜನ ನಿಲ್ಲಿಸುವುದು ಈ ಅವಧಿಯಲ್ಲೇ. ಅದನ್ನು ದಾಟಿದವರು ‘ಗುಣವಾಯಿತಲ್ಲ, ಇನ್ನೇಕೆ?’ ಎಂದು ನಿಲ್ಲಿಸುತ್ತಾರೆ. ಆದರೆ ಲಕ್ಷಣಗಳು ಹೋದ ಮೇಲೂ ಕನಿಷ್ಠ ಆರು ತಿಂಗಳು ಮದ್ದು ಮುಂದುವರಿಸದಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಇದನ್ನು ವೈದ್ಯರು ಮೊದಲ ದಿನ ಹೇಳಿರುತ್ತಾರೆ, ನಿಜ. ನಿದ್ದೆಯಿಲ್ಲದೆ, ಊಟ ಸೇರದೆ, ಅಳುತ್ತ ಬಂದು ಕುಳಿತವರ ತಲೆಗೆ ಅಂದು ಎಷ್ಟು ಹೋಗಿರುತ್ತದೆ?

ಊರಿನ ಬದುಕೂ ಸೇರಿಕೊಳ್ಳುತ್ತದೆ. ಬೀಡಿ ಕಟ್ಟುವ ಹೆಂಗಸಿಗೆ ಆಸ್ಪತ್ರೆಯ ಸಾಲಿನಲ್ಲಿ ಕಳೆದ ದಿನ ಎಂದರೆ ಆ ದಿನದ ಮಜೂರಿ ಇಲ್ಲ. ಗಂಡ ಗಲ್ಫಿನಲ್ಲಿದ್ದರೆ ಜೊತೆಗೆ ಬರುವವರಿಲ್ಲ. ಗಲ್ಫಿಗೆ ಹೊರಟ ಹುಡುಗ ಮನೋವೈದ್ಯರ ಚೀಟಿ ತನ್ನ ವೀಸಾಕ್ಕೆ ಕುತ್ತಾದೀತೆಂದು ಹೆದರಿ ಮದ್ದನ್ನೇ ಬಿಡುತ್ತಾನೆ. ಯುಎಇಗೆ ನಿಯಂತ್ರಿತ ಮನೋಔಷಧಗಳನ್ನು ಒಯ್ಯಲು ಮುಂಚೆಯೇ ಅನುಮತಿ ಪಡೆಯಬೇಕು, ವೈದ್ಯರ ಚೀಟಿ ಜೊತೆಗಿರಬೇಕು. ಇದು ನಿಷೇಧವಲ್ಲ, ಒಂದು ಕ್ರಮ. ಹೇಳಿಕೊಡುವವರಿದ್ದರೆ ಆ ಹುಡುಗ ಮದ್ದು ಬಿಡಬೇಕಾಗಿಲ್ಲ.

ರಂಜಾನ್ ತಿಂಗಳ ವಿಚಾರವಂತೂ ಉಳ್ಳಾಲದಂಥ ಊರಿನಲ್ಲಿ ಪ್ರತಿ ಮನೋವೈದ್ಯರೂ ತಾವಾಗಿ ಎತ್ತಬೇಕಾದದ್ದು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುವವರ ದೇಹದಲ್ಲಿ ನೀರಿನಂಶ ಕುಸಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಕರಾವಳಿಯ ಸೆಕೆಯಲ್ಲಿ ಬೆವರು ಹರಿಸುತ್ತ ಹಗಲಿಡೀ ನೀರು ಬಿಟ್ಟಿರುವವರಿಗೆ ಇದು ಪುಸ್ತಕದೊಳಗಿನ ಎಚ್ಚರಿಕೆಯಲ್ಲ. ತಿಂಗಳು ಶುರುವಾಗುವ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಮದ್ದಿನ ಹೊತ್ತನ್ನು ಸಹರಿ ಮತ್ತು ಇಫ್ತಾರಿಗೆ ಹೊಂದಿಸಿಕೊಡಬಹುದು. ಕೆಲವರಿಗೆ ಉಪವಾಸ ಬೇಡವೆಂದೇ ಹೇಳಬೇಕಾದೀತು. ಕೇಳದೆ, ಹೇಳದೆ ಇದ್ದರೆ ಒಂದೋ ಕಾಯಿಲೆ ಕೆರಳುತ್ತದೆ, ಇಲ್ಲವೇ ಮದ್ದು ಮುಳುವಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಇಲ್ಲಿ ನೆನಪಿಗೆ ಬರಬೇಕು. ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ ಅದು ನಡೆಯಿತು; ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,867 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ ಸಿಕ್ಕಿತು. ಇನ್ನೊಂದು ಗುಂಪಿನವರ ಜೊತೆ ಆಸ್ಪತ್ರೆ ಬಿಡುವ ಮುನ್ನ ಒಂದು ಗಂಟೆ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಮೊದಲ ಗುಂಪಿನಲ್ಲಿ ಶೇ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಎರಡನೆಯದರಲ್ಲಿ ಶೇ 0.2. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ‘ಹೇಗಿದ್ದೀರಿ?’ ಎಂದು ಯಾರೋ ವಿಚಾರಿಸಿದರು, ಅಷ್ಟೇ.

ಈ ಕೆಲಸಕ್ಕೆ ತೊಕ್ಕೊಟ್ಟಿನ ಪ್ರತಿ ಮನೋವೈದ್ಯ ಕ್ಲಿನಿಕ್ಕೂ, ದೇರಳಕಟ್ಟೆಯ ಆ ಮೂರು ಆಸ್ಪತ್ರೆಗಳ ಪ್ರತಿ ಮನೋವೈದ್ಯ ವಿಭಾಗವೂ ಒಬ್ಬರನ್ನು ನೇಮಿಸಲಿ. ಹೇಳಿದ ದಿನ ಬಾರದವರಿಗೆ ಅದೇ ವಾರ ಕರೆ ಹೋಗಲಿ. ಮಾತು ತುಳುವಿನಲ್ಲಿರಲಿ, ಬ್ಯಾರಿಯಲ್ಲಿರಲಿ, ಕೊಂಕಣಿಯಲ್ಲಿರಲಿ, ಗಡಿಯಾಚೆಯ ಮಂಜೇಶ್ವರದಿಂದ ಬರುವವರಿಗೆ ಮಲಯಾಳದಲ್ಲೂ ಇರಲಿ. ಮಾತೇ ಚಿಕಿತ್ಸೆಯ ಅರ್ಧ ಪಾಲಾಗಿರುವ ಕಡೆ ಪರಭಾಷೆಯಲ್ಲಿ ತಡವರಿಸುವಂತೆ ಮಾಡುವುದು ಅನ್ಯಾಯ. ಯಾವ ನಂಬರಿಗೆ, ಯಾವ ಹೊತ್ತಿಗೆ ಕರೆ ಮಾಡಬಹುದು ಎಂದು ಮೊದಲ ದಿನವೇ ಒಪ್ಪಿಗೆ ಪಡೆದಿರಬೇಕು; ಫೋನು ಎತ್ತಿದ್ದು ಅತ್ತೆಯೋ ಮೈದುನನೋ ಆದರೆ ಆಸ್ಪತ್ರೆಯ ಹೆಸರು ಬಾಯಿಗೆ ಬರಬಾರದು. ಗೋಪ್ಯತೆ ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದದ್ದೂ ಅದೇ ಕಾಯಿದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಯತ್ತ ಮತ್ತೆ ತಲೆಹಾಕದ ಕುಟುಂಬಗಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆ ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು ಎಂಬುದನ್ನು ಮದ್ದಿನ ಚೀಟಿಯ ಮೇಲೆಯೇ ಅಚ್ಚು ಹಾಕಿಸಲಿ.

ಖಾಸಗಿಯವರಿಗೆ ಹೇಳಿದ್ದಾಯಿತು, ಸರ್ಕಾರಕ್ಕೆ ಹೇಳಬೇಕಾದದ್ದು ಇನ್ನೂ ನೇರ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಮಾನಸಿಕ ರೋಗಿಗಳಿಗೆ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕೆಂದು ಅದೇ 2017ರ ಕಾಯಿದೆಯ 18ನೇ ಸೆಕ್ಷನ್ ಹೇಳುತ್ತದೆ. ತಿಂಗಳು ತಿಂಗಳು ಮೆಡಿಕಲಿಗೆ ದುಡ್ಡು ಸುರಿಯಲಾಗದೆ ಮದ್ದು ಬಿಟ್ಟವರಿಗೆ ಬೇಕಾದದ್ದು ಇದೇ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಮಟ್ಟಕ್ಕೆ ಮನೋವೈದ್ಯರನ್ನು ಕಳಿಸುವ ಏರ್ಪಾಡೂ ರಾಜ್ಯದಲ್ಲಿದೆ. ಉಳ್ಳಾಲದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಈ ಮದ್ದುಗಳ ಪೈಕಿ ಇಂದು ಯಾವುದಿದೆ, ಯಾವುದು ಮುಗಿದಿದೆ, ಮುಗಿದದ್ದು ಎಂದು ಬರುತ್ತದೆ, ತಜ್ಞರು ಯಾವ ದಿನ ಸಿಗುತ್ತಾರೆ ಎಂಬುದನ್ನು ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕ ಬರೆದು ಹಾಕಲಿ. ಪ್ರತಿ ಸೋಮವಾರ ಅದನ್ನು ತಿದ್ದುವ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಒಬ್ಬ ಸಿಬ್ಬಂದಿಗೆ ಈ ತಿಂಗಳೇ ವಹಿಸಲಿ.